ಎಣ್ಣೆ ಹಾಕದ ಮೂಟೆಗಳು

ಜನವರಿ 9

ಅಣ್ಣಾ,

ಮೊದಲು ಬೈಗುಳ, ಆಮೇಲೆ ಸುದ್ದಿ. ಫೋನ್ ಯಾಕೆ ಎತ್ತುತ್ತಿಲ್ಲ? ಮಾಡಿ ಮಾಡಿ ಸಾಕಾಯಿತು. ತಂಗಿ ಇದ್ದಾಳೋ ಸತ್ತಳೋ ಎಂದು ಕೇಳುವ ಮನಸ್ಸೂ ಇಲ್ಲವಾ ನಿನಗೆ? ಅದಕ್ಕೇ ನಿಮ್ಮ ಫ್ಯಾಕ್ಟರಿಯಿಂದ ನಮಗೆ ಮಾಲಿನ ಮೂಟೆ ತಂದ ಲಾರಿಯ ಮೀಸೆ ಡ್ರೈವರ್ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ. ನಿನ್ನ ಕೈಗೇ ಕೊಡದಿದ್ದರೆ ಮೀಸೆ ಬೋಳಿಸುತ್ತೇನೆ ಎಂದು ಹೇಳಿದ್ದೇನೆ. ನಕ್ಕ, ಆದರೂ ಮೀಸೆ ಒಮ್ಮೆ ಮುಟ್ಟಿ ನೋಡಿಕೊಂಡ.

ಈಗ ಸುದ್ದಿ. ಪಂಪಿನ ಚಕ್ರದ ಲೈನು ನನ್ನ ಕೈಗೆ ಬಂದಿದೆ! ಇಷ್ಟು ವರ್ಷ ಯಂತ್ರದ ಬಾಗಿಲು ಎಳೆದು ಬಿಸಿ ಚಕ್ರ ಕಿತ್ತು ಡಬ್ಬಕ್ಕೆ ಹಾಕುತ್ತಿದ್ದವಳು ಈಗ ಉಸ್ತುವಾರಿ. ಆದರೆ ಪೂರ್ತಿ ಅಲ್ಲ. ಮ್ಯಾನೇಜರ್ ಕರೆದು, "ಮಾರ್ಚ್ ಕೊನೇವರೆಗೂ ನೋಡ್ತೀವಮ್ಮ. ರಿಜೆಕ್ಟ್ ಕಮ್ಮಿ ಮಾಡಿದ್ರೆ ಲೈನು ನಿಂದೇ. ಇಲ್ಲಾಂದ್ರೆ ವಾಪಸ್ ಯಂತ್ರದ ಮುಂದೆ" ಎಂದರು. ಅಚ್ಚಿನ ಮೇಸ್ತ್ರಿ ಅಲ್ಲೇ ನಿಂತಿದ್ದ. "ಹೆಂಗಸು ಲೈನ್ ನಡೆಸ್ತಾಳೆ ಅಂದ್ರೆ ಇನ್ಮೇಲೆ ಅಚ್ಚಿಗೂ ತಲೆ ಬಾಚ್ಬೇಕಾಗುತ್ತೆ" ಎಂದ. ನಾನು ಸುಮ್ಮನಿರುತ್ತೇನಾ? "ನಿಮ್ಮ ತಲೆ ಬಾಚೋ ಕಷ್ಟ ಅಂತೂ ಇಲ್ವಲ್ಲ ಬಿಡಿ" ಎಂದೆ. ಅವನದು ಪೂರ್ತಿ ಬೋಳು. ಅವತ್ತಿನಿಂದ ನಮ್ಮಿಬ್ಬರಿಗೂ ಮಾತಿಲ್ಲ.

ಕಷ್ಟ ಏನೆಂದರೆ, ಈ ಸಲದ ಮಾಲು ನನ್ನ ಮಾತು ಕೇಳುತ್ತಿಲ್ಲ. ಎಂದಿನ ಹಾಗೆ ಅಚ್ಚು ಪೂರ್ತಿ ತುಂಬುವ ಮೊದಲೇ ಯಂತ್ರ ನಿಲ್ಲಿಸಿ, ಕಾಲು ತುಂಬಿದ್ದು, ಅರ್ಧ ತುಂಬಿದ್ದು, ಮುಕ್ಕಾಲು ತುಂಬಿದ್ದು ತೆಗೆದಿದ್ದೇನೆ. ಮೂರನ್ನೂ ಕಾಗದದಲ್ಲಿ ಸುತ್ತಿ ಕಳಿಸಿದ್ದೇನೆ. ಕಿಟಕಿ ಹತ್ತಿರ ಹಿಡಿದು ನೋಡು. ಅರೆತುಂಬಿದ ತುಂಡನ್ನು ಓದುವುದು ನೀನೇ ಅಲ್ಲವಾ ಕಲಿಸಿದ್ದು. ನೀನು ಕಲ್ಲಿನ ಹಿಟ್ಟು ಕಲಸಿ ಕಳಿಸುವ ಪ್ಲಾಸ್ಟಿಕ್ಕು ಕರಗಿ ಅಚ್ಚಿನ ಒಳಗೆ ಬಂದ ಕೂಡಲೇ ಅಗಲವಾಗಿ ಹರಡಬೇಕು ತಾನೇ? ಇದು ಹಾವಿನ ಹಾಗೆ ನೆಟ್ಟಗೆ ಚಿಮ್ಮಿ, ಎದುರಿನ ಗೋಡೆಗೆ ಬಡಿದು, ಮಡಿಕೆ ಮಡಿಕೆಯಾಗಿ ಕೂತಿದೆ. ಚಕ್ರದ ರೆಕ್ಕೆಗಳು ಅದೇ ಮಡಿಕೆಗಳಲ್ಲಿ ಪಟ್ಟೆಂದು ಮುರಿಯುತ್ತವೆ. ಇದೇನಣ್ಣಾ, ಏನು ಹಾಕಿದ್ದೀಯ ಇದರಲ್ಲಿ?

ನಿನ್ನ ತಂಗಿ

ಜನವರಿ 20

ಮೆಣಸಿನಕಾಯಿಗೆ,

ನಿನ್ನ ಸುದ್ದಿ ಓದಿ ಇಲ್ಲಿ ಮಿಕ್ಸರ್ ಶೆಡ್ಡಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ. "ನನ್ನ ತಂಗಿ ಲೈನ್ ಉಸ್ತುವಾರಿ" ಎಂದು ಹೇಳುವಾಗ ಎದೆ ಎಷ್ಟು ಉಬ್ಬಿತ್ತು ಗೊತ್ತಾ. ಮೇಸ್ತ್ರಿಗೆ ಕೊಟ್ಟ ಉತ್ತರ ಕೇಳಿ ನಿಮ್ಮ ಅತ್ತಿಗೆ ಕೂಡ ನಕ್ಕಳು. ಅವಳು ನಗುವುದು ಅಪರೂಪ, ಆದ್ದರಿಂದ ಬರೆದಿಟ್ಟುಕೋ.

ಫೋನಿನ ವಿಷಯಕ್ಕೆ ಮುನಿಸಿಕೊಳ್ಳಬೇಡ. ಶೆಡ್ಡಿನಲ್ಲಿ ಸದ್ದು, ಮನೆಗೆ ಬಂದರೆ ಕಣ್ಣು ಎಳೆಯುತ್ತದೆ. ಕಾಗದವೇ ವಾಸಿ. ಕಾಗದದಲ್ಲಿ ನನ್ನ ಮಾತಿನ ಮಧ್ಯೆ ಬಾಯಿ ಹಾಕೋಕೆ ನಿನಗೂ ಆಗುವುದಿಲ್ಲ.

ತುಂಡುಗಳನ್ನು ನೋಡಿದೆ. ತಪ್ಪು ನಿನ್ನದಲ್ಲ. ಈಚೆಗೆ ಹಿಟ್ಟನ್ನು ಮಿಕ್ಸರಿಗೆ ಸುರಿಯುವ ಮೊದಲು ಒಂದಿಷ್ಟು ಎಣ್ಣೆ ಚಿಮುಕಿಸುತ್ತಿದ್ದೇನೆ. ಹಿಟ್ಟು ಹೊಂದಿಕೊಳ್ಳಲಿ ಎಂದು, ಅಷ್ಟೇ. ಎಣ್ಣೆ ಇರುವ ಮಾಲು ಅಚ್ಚಿನ ಗೋಡೆ ಹಿಡಿಯುವುದಿಲ್ಲ, ಜಾರುತ್ತದೆ. ನಿಮ್ಮ ಅಚ್ಚಿಗೆ ಮಾಲು ಒಳಗೆ ಹೋಗುವ ಬಾಯಿ ಬಹಳ ಸಣ್ಣದು. ಸಣ್ಣ ಬಾಯಿ, ಜಾರುವ ಮಾಲು, ಇನ್ನೇನಾಗುತ್ತದೆ? ಚಿಮ್ಮುತ್ತದೆ. ಮೇಸ್ತ್ರಿಗೆ ಹೇಳಿ ಬಾಯಿಯನ್ನು ಒಂದು ಚೂರು ಅಗಲ ಮಾಡಿಸು. ಅದಾಗದಿದ್ದರೆ ಮೊದಲು ನಿಧಾನವಾಗಿ ತಳ್ಳಿ, ಆಮೇಲೆ ವೇಗ ಕೊಡು. ಸರಿಹೋಗುತ್ತದೆ.

ಅಣ್ಣ

ನಾನು ಅತ್ತಿಗೆ. ಕವರು ಅಂಟಿಸು ಎಂದು ಕೊಟ್ಟಿದ್ದಾರೆ, ಹಾಳೆಯ ಹಿಂದೆ ಬರೆಯುತ್ತಿದ್ದೇನೆ. ಅವರಿಗೆ ಗೊತ್ತಿಲ್ಲ. ನಿಮ್ಮಣ್ಣನ ಕೆಮ್ಮು ಜೋರಾಗಿದೆ. ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ನಿಂತುಬಿಡುತ್ತಾರೆ. ನಾನು ನೋಡಿದರೆ ಗೋಡೆಯ ಬಣ್ಣ ಕಿತ್ತಿದೆ ನೋಡು ಎಂದು ಗೋಡೆ ತೋರಿಸುತ್ತಾರೆ. ಕಲ್ಲಿನ ಧೂಳು ಎದೆಯೊಳಗೆ ಕೂತಿದೆ, ಇನ್ನು ಧೂಳಿನ ಹತ್ತಿರ ಸುಳಿಯಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ನನ್ನ ಮಾತು ಕೇಳುವುದಿಲ್ಲ. ನಿನ್ನದು ಕೇಳುತ್ತಾರೆ. ಆ ಶೆಡ್ಡು ಬಿಟ್ಟು ಬೇರೆ ಕೆಲಸ ಕೇಳಿಕೊಳ್ಳಲಿ ಎಂದು ಒಂದು ಮಾತು ಬರೆ.

ಫೆಬ್ರವರಿ 2

ಅಣ್ಣಾ,

ಅತ್ತಿಗೆ ಹಾಳೆಯ ಹಿಂದೆ ಬರೆದಿದ್ದಾರೆ. ಗುಟ್ಟು ರಟ್ಟು ಮಾಡಿದೆ ಎಂದು ಅವರು ಬೇಜಾರು ಮಾಡಿಕೊಳ್ಳಬಾರದು, ನನಗೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಅತ್ತಿಗೆಗೆ ಎಲ್ಲದಕ್ಕೂ ಭಯ. ನನಗೆ ನೆಗಡಿ ಬಂದಾಗ ಅಳುವ ಹಾಗಾಗಿದ್ದರು, ನೆನಪಿದೆಯಾ? ಶೆಡ್ಡಿನಲ್ಲಿ ಯಾರಿಗೆ ಕೆಮ್ಮಿಲ್ಲ ಹೇಳು. ನೀನು ಮೊದಲು ಆ ಬೀಡಿ ಬಿಡು. ಬಿಟ್ಟೆ, ಬಿಟ್ಟೆ ಎಂದು ಹೇಳುತ್ತಲೇ ಇದ್ದೀಯ, ಹೊಗೆ ಬಿಡುತ್ತಲೇ ಇದ್ದೀಯ. ಔಷಧ ಸರಿಯಾಗಿ ಕುಡಿ. ಅತ್ತಿಗೆಯ ಕಣ್ತಪ್ಪಿಸಿ ಬಚ್ಚಲಿಗೆ ಸುರಿಯಬೇಡ, ನಿನ್ನ ಬುದ್ಧಿ ನನಗೆ ಗೊತ್ತು.

ಇನ್ನು ನನ್ನ ಗೋಳು. ನಿಧಾನವಾಗಿ ತಳ್ಳಿ ನೋಡಿದೆ. ಚಕ್ರ ಚೆನ್ನಾಗೇ ಬಂತು. ಆದರೆ ಮ್ಯಾನೇಜರ್ ಗಡಿಯಾರ ನೋಡಿಕೊಂಡು ಬೆನ್ನ ಹಿಂದೆಯೇ ನಿಂತರು. "ಏನಮ್ಮ, ಯಂತ್ರಕ್ಕೆ ಜೋಗುಳ ಹಾಡ್ತಿದ್ದೀಯಾ? ಇವತ್ತಿನ ಲೆಕ್ಕ ಯಾರು ಕೊಡೋದು?" ಎಂದರು. ಮತ್ತೆ ವೇಗಕ್ಕೆ ಹಾಕಿದೆ, ಮತ್ತೆ ಹಾವು.

ಬಾಯಿ ಅಗಲ ಮಾಡಿಸು ಎನ್ನುತ್ತೀಯ. ಆ ಬೋಳುತಲೆಯ ಮುಂದೆ ಹೋಗಿ ನಾನು ಕೈ ಮುಗಿದು ನಿಲ್ಲಬೇಕಾ? ಅವನು ಅದಕ್ಕೇ ಕಾಯುತ್ತಿದ್ದಾನೆ. ಮುರಿದ ಚಕ್ರಗಳ ಡಬ್ಬದ ಪಕ್ಕದಲ್ಲಿ ಹಾದುಹೋಗುವಾಗಲೆಲ್ಲ ಒಂದು ತುಂಡು ಎತ್ತಿ, ನೋಡಿ, ನಕ್ಕು, ಹಾಗೇ ಹಾಕಿ ಹೋಗುತ್ತಾನೆ. ಅವನ ಹತ್ತಿರ ಕೇಳುವುದಕ್ಕಿಂತ ಲೈನು ಬಿಟ್ಟು ಮನೆಗೆ ಹೋಗುತ್ತೇನೆ.

ಅಣ್ಣಾ, ನಿನಗೇನು ಕಷ್ಟ? ಆ ಎಣ್ಣೆ ಬಿಟ್ಟುಬಿಡು. ಇಷ್ಟು ವರ್ಷ ಒಣ ಹಿಟ್ಟೇ ಕಲಸುತ್ತಿದ್ದೆಯಲ್ಲ. ನಿನ್ನ ಒಣ ಮಾಲು ಇದೇ ಅಚ್ಚಿಗೆ, ಇದೇ ಸಣ್ಣ ಬಾಯಿಯಿಂದ ಎಷ್ಟು ಚೆನ್ನಾಗಿ ಹರಡುತ್ತಿತ್ತು. ಮಾರ್ಚ್ ಕೊನೆಯವರೆಗೆ ಸಾಕು. ನನಗೋಸ್ಕರ.

ನಿನ್ನ ತಂಗಿ

ಫೆಬ್ರವರಿ 13

ಮೆಣಸಿನಕಾಯಿಗೆ,

ಆಯಿತು ತಾಯಿ. ಎಣ್ಣೆ ಇಲ್ಲ. ಮುಂದಿನ ಲೋಡಿನಿಂದ ಒಣದೇ ಬರುತ್ತದೆ. ಮೇಸ್ತ್ರಿಯ ನಗು ನಿಲ್ಲಲಿ.

ಬೀಡಿ ಬಿಟ್ಟು ಎರಡು ವರ್ಷವಾಯಿತು. ನಂಬಿದರೆ ನಂಬು, ಬಿಟ್ಟರೆ ಬಿಡು. ಕೆಮ್ಮಿಗೆ ಔಷಧವನ್ನೂ ಕುಡಿಯುತ್ತಿದ್ದೇನೆ, ಬಚ್ಚಲಿಗೆ ಸುರಿದಿಲ್ಲ.

ಈ ಸಲ ಕವರು ನಾನೇ ಅಂಟಿಸಿದ್ದೇನೆ.

ಅಣ್ಣ

ಮಾರ್ಚ್ 4

ಅಣ್ಣಾ, ಅಣ್ಣಾ, ಅಣ್ಣಾ!

ತುಂಡುಗಳನ್ನು ಈಗಲೇ ಬಿಚ್ಚು. ಕಾಗದ ಆಮೇಲೆ ಓದು.

ನೋಡಿದೆಯಾ? ಕಾಲು ತುಂಬಿದ್ದು ಬೀಸಣಿಗೆ ಹಾಗಿದೆ. ಅರ್ಧದ್ದು ಇನ್ನೂ ಚೆಂದ, ಅಂಚು ಎಲ್ಲೂ ಹರಿದಿಲ್ಲ, ಒಂದು ಮಡಿಕೆ ಇಲ್ಲ. ಇದು ನನ್ನ ಅಣ್ಣನ ಕೈ! ಮೂಟೆ ಬಿಚ್ಚಿ ಮೊದಲ ಚಕ್ರ ಕಿತ್ತಾಗಲೇ ಗೊತ್ತಾಯಿತು. ನೆಲಕ್ಕೆ ಎತ್ತಿ ಬಿಸಾಡಿದೆ, ಮುರಿಯಲಿಲ್ಲ. ಯಂತ್ರದ ಹುಡುಗಿಯರೆಲ್ಲ ಚಪ್ಪಾಳೆ ಹೊಡೆದರು. ರಿಜೆಕ್ಟ್ ಡಬ್ಬದ ತಳ ಕಾಣುತ್ತಿದೆ. ಮೇಸ್ತ್ರಿ ಬಂದ, ಡಬ್ಬ ನೋಡಿದ, ನಗಲಿಲ್ಲ, ಹೋದ. ಅವನ ಆ ಮುಖ ನಿನಗೆ ತೋರಿಸಬೇಕಿತ್ತು.

ಮ್ಯಾನೇಜರ್ ಆರ್ಡರ್ ದುಪ್ಪಟ್ಟು ಮಾಡಿದ್ದಾರೆ. "ನಿಮ್ಮಣ್ಣಂಗೆ ಹೇಳಮ್ಮ, ಇದೇ ಥರ ಕಳಿಸ್ಲಿ, ಎಷ್ಟ್ ಕಳಿಸಿದ್ರೂ ತಗೋತೀವಿ" ಎಂದರು. ಕೇಳಿದೆಯಾ? ಮೊದಲ ಸಲ ನಿನ್ನನ್ನು ಈ ಕಡೆಯವರು ಬಾಯಿಬಿಟ್ಟು ಹೊಗಳಿದ್ದು. ಇನ್ನೂ ಎರಡು ಲೋಡು ಬೇಗ ಕಲಸಿ ಕಳಿಸು. ಬೇರೆಯವರ ಕೈಗೆ ಕೊಡಬೇಡ, ನೀನೇ ಕಲಸು.

ಅತ್ತಿಗೆಗೆ ಹೇಳು, ಲೈನು ಕಾಯಂ ಆದ ಮೇಲೆ ಬಂದು ಅವರನ್ನು ನಾಲ್ಕು ದಿನ ಕೂರಿಸಿ ನಾನೇ ಅಡುಗೆ ಮಾಡಿ ಹಾಕುತ್ತೇನೆ. ತಿಂದ ಮೇಲೆ ಹೊಟ್ಟೆ ಕೆಟ್ಟರೆ ನನ್ನ ಜವಾಬ್ದಾರಿಯಲ್ಲ.

ನಿನ್ನ ಉಸ್ತುವಾರಿ ತಂಗಿ

ಮಾರ್ಚ್ 14

ತಂಗೀ,

ನೋಡಿದೆ. ಚೆನ್ನಾಗಿದೆ. ಅರ್ಧದ ತುಂಡನ್ನು ಶೆಡ್ಡಿನ ಕಿಟಕಿಯಲ್ಲಿ ಇಟ್ಟಿದ್ದೇನೆ, ಹೋಗಿ ಬರುವವರಿಗೆ ತೋರಿಸೋಕೆ.

ಒಂದು ಲೋಡು ಇವತ್ತು ಹೊರಟಿದೆ. ಇನ್ನೊಂದು ನಡೆಯುತ್ತಿದೆ. ಎಲ್ಲ ನಾನೇ ಕಲಸಿದ್ದು.

ಅಕ್ಷರ ಸೊಟ್ಟಗಿದೆ, ಬೈಯಬೇಡ. ದಿಂಬು ಒರಗಿಕೊಂಡು ಬರೆಯುತ್ತಿದ್ದೇನೆ. ಈಚೆಗೆ ಕೂತೇ ನಿದ್ದೆ ಮಾಡುವ ವಿದ್ಯೆ ಕಲಿತಿದ್ದೇನೆ, ಬಸ್ಸಿನಲ್ಲಿ ಮಾಡುತ್ತಾರಲ್ಲ ಹಾಗೆ. ಟಿಕೆಟ್ಟೂ ಬೇಕಿಲ್ಲ.

ಲೈನು ಕಾಯಂ ಆದ ದಿನವೇ ಬರೆ. ತಡ ಮಾಡಬೇಡ.

ಅಣ್ಣ

ಮಾರ್ಚ್ 31

ಅಣ್ಣಾ,

ಕಾಯಂ! ಇವತ್ತು ಮ್ಯಾನೇಜರ್ ಎಲ್ಲರ ಮುಂದೆ ಹೇಳಿದರು. ನೀನು ಹೇಳಿದ ಹಾಗೆ ಅದೇ ದಿನ ಬರೆಯುತ್ತಿದ್ದೇನೆ.

ಆದರೆ ಖುಷಿಗೆ ಅರ್ಧ ನೀನೇ ಮಣ್ಣು ಹಾಕಿದ್ದೀಯ. ಈ ವಾರ ಬಂದ ಮಾಲು ನಿನ್ನ ಕೈದಲ್ಲ. ಸುಳ್ಳು ಹೇಳಬೇಡ. ಅರೆತುಂಬಿದ ತುಂಡಿನ ಅಂಚು ನಾಯಿ ಕಚ್ಚಿದ ಹಾಗಿದೆ, ಅಲ್ಲಲ್ಲಿ ಹಿಟ್ಟು ಗಂಟು ಗಂಟಾಗಿ ಹಾಗೇ ಉಳಿದಿದೆ. ಎರಡು ಸಲ ಯಂತ್ರದ ಮೂತಿ ಕಟ್ಟಿಕೊಂಡಿತು. ಯಾರೋ ಹೊಸಬ ಕಲಸಿದ್ದಾನೆ. ನೀನೇ ಕಲಸು ಎಂದು ಅಷ್ಟು ಹೇಳಿದ್ದೆ.

ಮೀಸೆ ಡ್ರೈವರನ್ನು ಕೇಳಿದೆ. "ನೀವೇ ಮನೆಗೆ ಫೋನ್ ಮಾಡ್ಕೊಳ್ಳಿ ಮೇಡಂ" ಎಂದು ಮುಖ ಆ ಕಡೆ ತಿರುಗಿಸಿಕೊಂಡ. ಅಯ್ಯೋ, ಈಗ ಅರ್ಥವಾಯಿತು! ನನ್ನ ಆರ್ಡರಿನಿಂದ ನಿನಗೂ ಬಡ್ತಿ ಸಿಕ್ಕಿದೆ ಅಲ್ಲವಾ? ಶೆಡ್ಡು ಬಿಟ್ಟು ಆಫೀಸಿನ ಕುರ್ಚಿಯಲ್ಲಿ ಕೂತಿದ್ದೀಯ, ನನಗೆ ಆಮೇಲೆ ಹೇಳಿ ಆಟ ಆಡಿಸೋಣ ಎಂದು ಎಲ್ಲರ ಬಾಯಿಗೂ ಬೀಗ ಹಾಕಿದ್ದೀಯ. ಸಾಹೇಬರೇ, ಕುರ್ಚಿ ಮೆತ್ತಗಿದೆಯಾ? ಕೆಮ್ಮಿಗೂ ಒಳ್ಳೆಯದಾಯಿತು ಬಿಡು, ಅತ್ತಿಗೆಗೂ ಸಮಾಧಾನ.

ಕೊಬ್ಬು ಬಂದಿದ್ದರೆ ಇಳಿಸೋಕೆ ನಾನೇ ಬರುತ್ತೇನೆ.

ತಂಗಿ

ಏಪ್ರಿಲ್ 2

ನಾನು ಅತ್ತಿಗೆ ಬರೆಯುತ್ತಿದ್ದೇನೆ.

ನಿನ್ನ ಕಾಗದವನ್ನು ಅವರ ಮಂಚದ ಪಕ್ಕ ಕೂತು ಓದಿ ಹೇಳಿದೆ. ಕಾಯಂ ಎಂದ ಕೂಡಲೇ ಕಣ್ಣು ತೆರೆದರು. ಕುರ್ಚಿಯ ಮಾತು ಓದಲಿಲ್ಲ.

ನಿಮ್ಮಣ್ಣ ಆಸ್ಪತ್ರೆಯಲ್ಲಿದ್ದಾರೆ. ನೀನು ಕೇಳಿದ್ದರಲ್ಲಿ ಎರಡನೆಯ ಲೋಡು ಕಲಸುವಾಗ ಶೆಡ್ಡಿನಲ್ಲೇ ಕುಸಿದು ಕೂತರು. ಮೂಗಿಗೆ ಕೊಳವೆ ಹಾಕಿದ್ದಾರೆ, ಮಾತಾಡಲು ಉಸಿರು ಸಾಲುವುದಿಲ್ಲ. ಫೋನು ಎತ್ತುತ್ತಿರಲಿಲ್ಲ ಎಂದು ಬೈಯುತ್ತಿದ್ದೆಯಲ್ಲ, ಎತ್ತಿದರೆ ಕೆಮ್ಮು ನಿನಗೆ ಕೇಳಿಸುತ್ತಿತ್ತು. ಅದಕ್ಕೇ. ಮಾರ್ಚ್ ಮುಗಿಯುವ ತನಕ ಅವಳಿಗೆ ಹೇಳಕೂಡದು ಎಂದು ನನ್ನ ಕೈ ಹಿಡಿದು ಮಾತು ತೆಗೆದುಕೊಂಡಿದ್ದರು. ಮಾರ್ಚ್ ಮುಗಿಯಿತು.

ಬೆಳಿಗ್ಗೆಯಿಂದ ಫೋನ್ ಮಾಡಿದೆ. ಡ್ಯೂಟಿಯಲ್ಲಿ ನಿಮ್ಮ ಫೋನುಗಳನ್ನೆಲ್ಲ ಗೇಟಿನಲ್ಲಿ ಇಟ್ಟುಕೊಳ್ಳುತ್ತಾರಂತೆ. ಇದನ್ನು ಡ್ರೈವರ್ ನೇರ ಒಳಗೆ ತಂದು ಕೊಡುತ್ತಾನೆ. ಓದಿದ ಕೂಡಲೇ ಅವನ ಜೊತೆಗೇ ಹೊರಟು ಬಾ. ಬಟ್ಟೆಬರೆ ಕಟ್ಟುತ್ತಾ ಕೂರಬೇಡ.

ಅತ್ತಿಗೆ

ಏಪ್ರಿಲ್ 28

ಅತ್ತಿಗೆ,

ಅಲ್ಲಿಂದ ಬಂದ ಮೇಲೆ ನಿಮಗೆ ಎಷ್ಟು ಸಲ ಬರೆಯಲು ಕೂತೆನೋ. ಇವತ್ತು ಬರೆದೇ ಏಳುತ್ತೇನೆ.

ಆಸ್ಪತ್ರೆಯಲ್ಲಿ ಅಣ್ಣ ನನ್ನ ಕಡೆ ನೋಡಿ ಹುಬ್ಬು ಎತ್ತಿದ, ಲೈನು ಹೇಗೆ ನಡೆಯುತ್ತಿದೆ ಎನ್ನುವ ಹಾಗೆ. ನಾನು ಪೆದ್ದಿ, ಅವನ ಹಾಸಿಗೆಯ ಅಂಚಿನಲ್ಲಿ ಕೂತು ಅವನ ಒಣ ಮಾಲನ್ನು ಹೊಗಳಿದೆ. ನಿನ್ನ ಹಾಗೆ ಯಾರೂ ಕಲಸುವುದಿಲ್ಲ ಅಣ್ಣಾ ಎಂದೆ. ಅವನು ತಲೆ ಆಡಿಸಿದ. ನೀವು ಆಗ ಎದ್ದು ಹೊರಗೆ ಹೋದಿರಿ. ಯಾಕೆ ಎಂದು ನನಗೆ ಅರ್ಥವಾಗಲಿಲ್ಲ. ಮರುದಿನ ಅಣ್ಣ ಇರಲಿಲ್ಲ.

ಮಣ್ಣು ಮಾಡಿ ಬಂದ ದಿನ ಈಗ ಅಣ್ಣನ ಜಾಗದಲ್ಲಿ ಕಲಸುವ ಆ ಹೊಸಬರು ಮನೆಗೆ ಬಂದಿದ್ದರಲ್ಲ, ನಿಮಗೆ ನೆನಪಿರಲಿಕ್ಕಿಲ್ಲ. ಬಾಗಿಲ ಹೊರಗೆ ಚಪ್ಪಲಿ ಹುಡುಕುತ್ತಾ ನನ್ನ ಹತ್ತಿರ ಮಾತಾಡಿದರು. "ಅಣ್ಣಾವ್ರು ಹಿಟ್ಟಿಗೆ ಎಣ್ಣೆ ಚಿಮುಕಿಸೋರು ಮೇಡಂ. ಹಂಗ್ ಮಾಡಿದ್ರೆ ಧೂಳು ಏಳೋದೇ ಇಲ್ಲ. ಮುಖಗವಸು ಹಾಕ್ಕೊಂಡ್ರೆ ಅವರಿಗೆ ಉಸಿರು ಕಟ್ತಿತ್ತು, ಅದಕ್ಕೇ ಕಂಡುಕೊಂಡಿದ್ರು. ಯಾಕೋ ಕಡೇ ಮೂರು ಲೋಡಿಗೆ ಬಿಟ್ಬಿಟ್ರು. ಶೆಡ್ಡಿನಲ್ಲಿ ಎದುರಿಗಿರೋರ ಮುಖ ಕಾಣದಷ್ಟು ಧೂಳು" ಎಂದರು.

ಒಳಗೆ ನೀವು ಗೋಡೆಗೆ ಒರಗಿ ಕೂತಿದ್ದಿರಿ. ನಿಮ್ಮ ಮುಂದೆ ಬಂದು ಹೇಳುವ ಧೈರ್ಯ ಬರಲಿಲ್ಲ, ಬಸ್ಸು ಹತ್ತಿ ಬಂದುಬಿಟ್ಟೆ. ಅತ್ತಿಗೆ, ಎಣ್ಣೆ ಬಿಡು ಎಂದವಳು ನಾನು. ನನಗೋಸ್ಕರ ಎಂದು ಬರೆದವಳು ನಾನು. ಇನ್ನೂ ಎರಡು ಲೋಡು ಬೇಗ ಕಲಸು, ಬೇರೆಯವರಿಗೆ ಕೊಡಬೇಡ ಎಂದವಳೂ ನಾನೇ.

ಇಲ್ಲಿಗೆ ಬಂದ ಮೊದಲ ದಿನವೇ ಮೇಸ್ತ್ರಿಯ ಹತ್ತಿರ ಹೋದೆ. ಅಚ್ಚಿನ ಬಾಯಿ ಅಗಲ ಮಾಡಿಕೊಡಿ ಎಂದು ಕೇಳಿದೆ. ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ನನ್ನ ಮುಖ ನೋಡಿ, "ಮೊದ್ಲೇ ಹೇಳ್ಬಾರ್ದಿತ್ತೇನಮ್ಮ, ಇದೇನ್ ಮಹಾ ಕೆಲ್ಸ" ಎಂದ. ಅಚ್ಚು ಇಳಿಸಿ, ಅರ ಹಿಡಿದು ಉಜ್ಜಿದ. ಊಟದ ಗಂಟೆ ಹೊಡೆಯುವ ಮೊದಲೇ ಮುಗಿಯಿತು. ಜನವರಿಯ ಎಣ್ಣೆಯ ಮಾಲು ಒಂದು ಮೂಟೆ ಮೂಲೆಯಲ್ಲಿ ಉಳಿದಿತ್ತು. ಹಾಕಿ ನೋಡಿದೆ. ಒಂದು ಚಕ್ರವೂ ಮುರಿಯಲಿಲ್ಲ.

ಒಂದು ಹೊತ್ತಿನ ಕೆಲಸ ಅತ್ತಿಗೆ. ಒಂದು ಮಾತು ಕೇಳಿದ್ದರೆ ಆಗುತ್ತಿತ್ತು.

ಅಣ್ಣನ ಫ್ಯಾಕ್ಟರಿಗೆ ಬರೆದಿದ್ದೇನೆ, ನಮಗೆ ಬರುವ ಮಾಲಿಗೆ ಎಣ್ಣೆ ಹಾಕಲೇಬೇಕು, ಒಣದು ಬಂದರೆ ವಾಪಸ್ ಕಳಿಸುತ್ತೇನೆ ಎಂದು. ಆ ಹೊಸಬರಾದರೂ ಧೂಳು ಕುಡಿಯದಿರಲಿ. ಇಷ್ಟು ಬಿಟ್ಟು ನನಗೆ ಇನ್ನೇನೂ ಮಾಡಲು ತೋಚುತ್ತಿಲ್ಲ. ನೀವು ಬೈದು ಬರೆಯಿರಿ. ಬೈಯದೆ ಮಾತ್ರ ಇರಬೇಡಿ.

ನಿಮ್ಮ ನಾದಿನಿ

ಮೇ 11

ನಾದಿನಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ತಡವಾದದ್ದು ಕೆಲಸ ಇದ್ದುದಕ್ಕಲ್ಲ.

ನೀನು ಹೇಳಿದ್ದು ನನಗೆ ಹೊಸದಲ್ಲ. ಎಣ್ಣೆ ಬಿಡು ಎಂದು ನೀನು ಬರೆದಾಗ ಅವರು ಅದನ್ನು ನನಗೆ ಓದಿಯೇ ಹೇಳಿದ್ದರು. ನಾನು ಜಗಳ ಆಡಿದೆ. ಎಣ್ಣೆ ಯಾತಕ್ಕೆ ಎಂದು ಅವಳಿಗೆ ಬರೀರಿ, ತಿಳಿದರೆ ಅವಳು ಎಣ್ಣೆ ಬಿಡು ಎನ್ನುವವಳಲ್ಲ ಎಂದೆ. "ತಿಳಿದ್ರೆ ಲೈನ್ ಬಿಟ್ಟು ಬಂದ್ಬಿಡ್ತಾಳೆ ಕಣೇ" ಎಂದರು. ಹಾಗಾದರೆ ಆ ಮೇಸ್ತ್ರಿಯನ್ನು ಕೇಳಲಿ, ಅವಳ ಬಾಯಿಗೇನಾಗಿದೆ ಎಂದೆ. ಅದಕ್ಕೆ ಅವರು, "ಅವಳು ಹುಟ್ಟಿದಾಗಿಂದ ಯಾರ ಹತ್ರಾನೂ ಏನೂ ಕೇಳಿದವಳಲ್ಲ. ನನ್ನ ಹತ್ರ ಮಾತ್ರ ಕೇಳ್ತಾಳೆ. ನಾನೂ ಇಲ್ಲ ಅಂದ್ರೆ ಹೆಂಗೆ?" ಎಂದರು.

ಇನ್ನೊಂದು ಮಾತು, ಇದನ್ನೂ ಕೇಳಿಸಿಕೋ. ನಾನು ನಿನಗೆ ಮತ್ತೆ ಬರೆಯಬಹುದಿತ್ತು. ಕವರು ಅವರೇ ಅಂಟಿಸಿದರೆ ಏನಾಯಿತು, ನನಗೆ ಬೇರೆ ಹಾಳೆ ಇರಲಿಲ್ಲವಾ? ಆದರೆ ಅತ್ತಿಗೆಗೆ ಎಲ್ಲದಕ್ಕೂ ಭಯ ಎಂದು ನೀನು ಬರೆದಿದ್ದೆ. ಅದನ್ನು ಅವರು ನಗುತ್ತಾ ಓದಿದರು. ನಾನು ಸೆಟೆದುಕೊಂಡೆ. ಅಣ್ಣ ತಂಗಿ ಏನಾದರೂ ಮಾಡಿಕೊಳ್ಳಲಿ ಎಂದು ಬಿಟ್ಟುಬಿಟ್ಟೆ. ಅವರು ಶೆಡ್ಡಿನಿಂದ ಬಂದಾಗ ತಲೆಗೂದಲು, ಹುಬ್ಬು ಎಲ್ಲ ಬೆಳ್ಳಗಿರುತ್ತಿತ್ತು. ನಾನು ಟವೆಲು ಕೊಡುತ್ತಿದ್ದೆ, ಮಾತಾಡುತ್ತಿರಲಿಲ್ಲ.

ಈ ಧೂಳು ಹಳೆಯದು, ಮೂರು ಲೋಡಿನಿಂದಲೇ ಆದದ್ದಲ್ಲ, ಇಂದಲ್ಲ ನಾಳೆ ಹೀಗೆ ಆಗುತ್ತಿತ್ತು ಎಂದು ಡಾಕ್ಟರು ಹೇಳಿದರು. ನನಗೆ ಆ ನಾಳೆ ಬೇಕಿತ್ತು. ಇನ್ನೊಂದು ವರ್ಷವಾದರೂ ಬೇಕಿತ್ತು.

ನಿನ್ನ ಮೇಲೆ ಸಿಟ್ಟಿಲ್ಲ ಎಂದು ಬರೆಯಲು ಕೂತಿದ್ದೆ. ಕೈ ಬರಲಿಲ್ಲ. ಸಿಟ್ಟಿದೆ. ತಟ್ಟೆ ಒಂದೇ ಇಡುವಾಗ ಬಹಳ ಬರುತ್ತದೆ. ನೀನು ಬೈಯಿರಿ ಎಂದಿದ್ದೀಯ, ಅದು ಕಾಗದದಲ್ಲಿ ಆಗುವುದಿಲ್ಲ. ಎದುರಿಗೆ ಕೂರಿಸಿಕೊಂಡು ಬೈಯಬೇಕು, ನೀನು ಅಳಬೇಕು, ಆಮೇಲೆ ಇಬ್ಬರೂ ಉಣ್ಣಬೇಕು. ಇಲ್ಲಿ ಬಂದವರೆಲ್ಲ ಪಾಪ, ಒಳ್ಳೆಯ ಮನುಷ್ಯ ಎಂದು ಹೇಳಿ ಹೋಗುತ್ತಾರೆ. ಅವರು ಎಂಥ ಮೊಂಡ, ಎಂಥ ಸುಳ್ಳುಗಾರ ಎಂದು ಹೇಳಿಕೊಂಡರೆ ಹೌದು ಎನ್ನುವವರು ನಿನ್ನ ಬಿಟ್ಟರೆ ನನಗೆ ಯಾರೂ ಇಲ್ಲ.

ಭಾನುವಾರ ಬಾ. ಬಸ್ಸಿಗೆ ಬಾ, ಆ ಲಾರಿಯಲ್ಲಿ ಬರಬೇಡ.

ಅತ್ತಿಗೆ